ಅಗಸಿ ಬಾಗಿಲಿನಿಂದ ಗಣಕದ ಗೇಟಿನವರೆಗೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಸುಂಕದವನಿಗೆ ಬೇಕಾದದ್ದು ಹೇರಿನ ಲೆಕ್ಕ, ಹೇರು ತಂದವನ ಮನೆಯ ಕಥೆಯಲ್ಲ. ಮಳೆ ಕೈಕೊಟ್ಟಿತೆಂದರೂ ಎತ್ತು ಸತ್ತಿತೆಂದರೂ ಅವನು ಲೆಕ್ಕದಿಂದ ತಲೆ ಎತ್ತುವುದಿಲ್ಲ. ಇಂದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ದಾರಿಯಲ್ಲಿ ಆ ಸುಂಕದವನ ಜಾಗಕ್ಕೆ ಯಂತ್ರ ಬಂದಿದೆ. ಗಾದೆ ಮಾತ್ರ ಹಳೆಯದಾಗಿಲ್ಲ. ಯಂತ್ರಕ್ಕೂ ಸುಖದುಃಖ ಕೇಳಿಸುವುದಿಲ್ಲ, ಅದಕ್ಕೆ ತಿಳಿಯುವುದು ಸಂಖ್ಯೆಯೊಂದೇ.

ಈ ಸೀಮೆಯ ಬೆಳೆ ಹೊಲದಿಂದ ಹೊರಟು ದೂರದ ಊರು ಮುಟ್ಟುವಷ್ಟರಲ್ಲಿ ಎರಡು ಬಗೆಯ ಎಲೆಕ್ಟ್ರಾನಿಕ್ ಗೇಟುಗಳನ್ನು ಹಾಯುತ್ತದೆ. ಒಂದು ಹೆದ್ದಾರಿಯ ಟೋಲ್ ಗೇಟು. ಅದು ವಾಹನವನ್ನು ಗುರುತಿಸುತ್ತದೆ. ಇನ್ನೊಂದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ, ಅಂದರೆ ಎಪಿಎಂಸಿಯ ಗೇಟು. ಅದು ಮಾಲನ್ನು ಗುರುತಿಸುತ್ತದೆ. ಮೊದಲನೆಯದು ಕೆಟ್ಟರೆ ಒಂದಿಷ್ಟು ಹೊತ್ತು ಹಾಳಾಗುತ್ತದೆ. ಎರಡನೆಯದರಲ್ಲಿ ತಪ್ಪಾದರೆ ವರ್ಷದ ಬೆಳೆಯ ಹಣವೇ ಅತ್ತಿತ್ತ ಆಗಬಹುದು. ಆದ್ದರಿಂದ ಇವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೆಡುತ್ತವೆ, ಕೆಟ್ಟದ್ದನ್ನು ಸರಿಪಡಿಸುವುದು ಹೇಗೆ ಎಂಬುದು ಬರೀ ಮೆಕ್ಯಾನಿಕನಿಗೆ ಬಿಟ್ಟ ವಿಷಯವಲ್ಲ.

ಊರ ಬಾಗಿಲ ಲೆಕ್ಕ

ಗೇಟಿನಲ್ಲಿ ಮಾಲನ್ನು ನಿಲ್ಲಿಸಿ ಲೆಕ್ಕ ಬರೆದುಕೊಳ್ಳುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಅವನ್ನು ವಸೂಲು ಮಾಡುವ ಅಧಿಕಾರಿಗೆ ಸುಂಕವೆರ್ಗಡೆ ಎಂಬ ಪದವಿ ಇತ್ತು. ಎತ್ತಿನ ಮೇಲೆ ಬರುವ ಹೇರೇ ಆಗ ಲೆಕ್ಕದ ಮೂಲ. ಒಂದು ಹೇರು ವೀಳ್ಯದೆಲೆಗೆ ಇಷ್ಟು ಎಲೆ ದೇವರಿಗೆ ಎಂಬಂಥ ದತ್ತಿಗಳನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದಾನೆ. ಕಾಯಕವೇ ಅವನ ಹೆಸರಿನ ಮುಂದೆ ನಿಂತಿದೆ.

ಉತ್ತರ ಕರ್ನಾಟಕದ ಹಳೆಯ ಊರುಗಳಿಗೆ ಅಗಸಿ ಬಾಗಿಲು ಇರುತ್ತಿತ್ತು. ರಾತ್ರಿ ಅದನ್ನು ಮುಚ್ಚಿದರೆ ಹೊರಗಿದ್ದವರು ಹೊರಗೇ. ಅಗಸಿಗಳು ಬಿದ್ದುಹೋದ ಮೇಲೆ ಪುರಸಭೆಗಳ ಆಕ್ಟ್ರಾಯ್ ನಾಕಾ ಬಂತು. ಊರೊಳಗೆ ಬರುವ ಸರಕಿಗೆ ಅಲ್ಲಿ ಸುಂಕ ಕಟ್ಟಿ ಪಾವತಿ ಪಡೆಯಬೇಕಿತ್ತು. 1979ರಲ್ಲಿ ಕರ್ನಾಟಕ ಆಕ್ಟ್ರಾಯನ್ನು ರದ್ದುಮಾಡಿ ಅದರ ಬದಲು ಪ್ರವೇಶ ತೆರಿಗೆ ತಂದಿತು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಅದೂ ಕರಗಿತು.

ಹೆಸರು ಏನೇ ಇರಲಿ, ಈ ಬಾಗಿಲುಗಳು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: ಯಾರದು? ಏನಿದು? ಎಷ್ಟು? ಇಂದಿನ ಎಲೆಕ್ಟ್ರಾನಿಕ್ ಗೇಟು ಕೇಳುವುದೂ ಇವನ್ನೇ. ಉತ್ತರ ಬರೆದುಕೊಳ್ಳುವ ರೀತಿಯಷ್ಟೇ ಬೇರೆಯಾಗಿದೆ.

ಹೆದ್ದಾರಿಯ ಗೇಟು

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾವೇರಿಯ ಪಕ್ಕದಲ್ಲಿ ಹಾಯ್ದು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ದಾಟಿ ರಾಣೆಬೆನ್ನೂರಿಗೆ ಹೋಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬಿಕೊಂಡು ಹುಬ್ಬಳ್ಳಿಯ ಕಡೆ ಹೊರಟ ಲಾರಿಗೆ ಬಂಕಾಪುರದ ಟೋಲ್ ಎದುರಾಗುತ್ತದೆ. ಬೆಂಗಳೂರಿನ ಕಡೆ ಹೊರಟ ಲಾರಿಗೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ ಟೋಲ್ ಸಿಗುತ್ತದೆ. 2021ರ ಫೆಬ್ರುವರಿ ಮಧ್ಯದಿಂದ ಇಂಥ ಎಲ್ಲ ಕಡೆಯೂ ಫಾಸ್ಟ್ಯಾಗ್ ಕಡ್ಡಾಯವಾಗಿದೆ.

ಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಒಳಗಿರುವುದು ಸಾಸಿವೆ ಕಾಳಿನಷ್ಟು ಚಿಪ್ಪು, ಅದರ ಸುತ್ತ ತೆಳ್ಳನೆಯ ಲೋಹದ ಆಂಟೆನಾ. ಗೇಟಿನ ಮೇಲೆ ಕೂರಿಸಿದ ಓದುಯಂತ್ರ ರೇಡಿಯೋ ಅಲೆಗಳನ್ನು ಸದಾ ಹರಿಸುತ್ತಿರುತ್ತದೆ. ಲಾರಿ ಸಮೀಪಿಸಿದಾಗ ಚೀಟಿಯ ಆಂಟೆನಾ ಆ ಅಲೆಯಿಂದಲೇ ಒಂದಿಷ್ಟು ಶಕ್ತಿ ಪಡೆಯುತ್ತದೆ. ಚಿಪ್ಪು ಎಚ್ಚರಗೊಂಡು ತನ್ನ ಸಂಖ್ಯೆಯನ್ನು ಅದೇ ಅಲೆಯ ಮೇಲೆ ಹಿಂದಕ್ಕೆ ಕಳಿಸುತ್ತದೆ. ಬಾವಿಯಲ್ಲಿ ಕೂಗಿದರೆ ದನಿ ಮರಳುವಂತೆಯೇ ಇದು. ಆದರೆ ಇಲ್ಲಿ ಮರಳುವ ದನಿ ತನ್ನ ಹೆಸರನ್ನೂ ಸೇರಿಸಿಕೊಂಡು ಬರುತ್ತದೆ. ಗೇಟಿನ ಗಣಕಯಂತ್ರ ಆ ಸಂಖ್ಯೆಯನ್ನು ಪಟ್ಟಿಯೊಡನೆ ತಾಳೆ ನೋಡಿ ಬೂಮ್ ಎತ್ತುತ್ತದೆ.

ಎತ್ತಿದ ಬೂಮ್ ಲಾರಿಯ ಬೆನ್ನಿನ ಮೇಲೇ ಬೀಳದಂತೆ ಕಾಯುವುದು ರಸ್ತೆಯೊಳಗೆ ಹುಗಿದ ತಂತಿಯ ಸುರುಳಿ. ಅದರ ಮೇಲೆ ಕಬ್ಬಿಣದ ವಾಹನ ಬಂದರೆ ಸುರುಳಿಯ ವಿದ್ಯುತ್ ಗುಣ ಬದಲಾಗುತ್ತದೆ. ಬದಲಾವಣೆ ಇರುವವರೆಗೆ ಬೂಮ್ ಇಳಿಯುವುದಿಲ್ಲ.

ಇಂಥ ಗೇಟು ಕೆಟ್ಟಾಗ ಎಲ್ಲರೂ ಮೊದಲು ಗಣಕವನ್ನು ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಅದಕ್ಕಿಂತ ಸಣ್ಣ ಜಾಗದಲ್ಲಿರುತ್ತದೆ. ಚೀಟಿ ಹರಿದಿರುತ್ತದೆ, ಇಲ್ಲವೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುತ್ತಿರುತ್ತಾರೆ. ಓದುಯಂತ್ರದ ಮುಖ ಗಾಳಿಗೆ ತಿರುಗಿರುತ್ತದೆ. ಭಾರದ ಗಾಡಿಗಳು ಓಡಾಡಿ ರಸ್ತೆ ತಗ್ಗಾದಾಗ ಸುರುಳಿಯ ತಂತಿ ತುಂಡಾಗುತ್ತದೆ. ಆಗ ಬೂಮ್ ಎತ್ತಿದಲ್ಲೇ ನಿಲ್ಲುತ್ತದೆ ಅಥವಾ ಅವೇಳೆಯಲ್ಲಿ ಇಳಿಯುತ್ತದೆ. ರಿಪೇರಿಯವನು ರಸ್ತೆ ಕೊಯ್ದು ಹೊಸ ತಂತಿ ಸುತ್ತಿ, ನೀರು ಇಳಿಯದಂತೆ ಮುಚ್ಚಬೇಕಾಗುತ್ತದೆ.

ಕೆಟ್ಟಾಗ ನಷ್ಟ ಯಾರಿಗೆ ಎಂಬುದಕ್ಕೂ ಹೆದ್ದಾರಿಯಲ್ಲಿ ಉತ್ತರವಿದೆ. 2018ರ ನಿಯಮದ ಪ್ರಕಾರ, ಚಾಲ್ತಿಯಲ್ಲಿರುವ, ಸಾಕಷ್ಟು ಹಣವಿರುವ ಫಾಸ್ಟ್ಯಾಗನ್ನು ಗೇಟಿನ ಯಂತ್ರದ ದೋಷದಿಂದ ಓದಲಾಗದಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕು. ಯಂತ್ರದ ತಪ್ಪು, ಯಂತ್ರ ಇಟ್ಟವನ ತಲೆಗೆ. ಮಾರುಕಟ್ಟೆಯ ಗೇಟಿನ ಮಾತು ಇಷ್ಟು ಸರಳವಲ್ಲ. ಅಲ್ಲಿ ಕಳೆದುಹೋದ ಹೊತ್ತನ್ನೂ ತಪ್ಪಿದ ಬೆಲೆಯನ್ನೂ ಬೂಮ್ ಎತ್ತಿ ಹಿಂದಕ್ಕೆ ಕೊಡಲಾಗದು.

ಮಾರುಕಟ್ಟೆಯ ಗೇಟು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಿಂದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣದಿಂದ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿ ತಳಿಗೂ ಬೆಲೆ ಬೇರೆ. ಒಂದೇ ತಳಿಯಲ್ಲೂ ಬಣ್ಣ, ಒಣಗಿದ ಹದ, ತೊಟ್ಟು ನೋಡಿ ಚೀಲದಿಂದ ಚೀಲಕ್ಕೆ ದರ ಏರಿಳಿಯುತ್ತದೆ. ಅಂದ ಮೇಲೆ ಯಾವ ಚೀಲ ಯಾರದು ಎಂಬ ಗುರುತು ತಪ್ಪುವಂತಿಲ್ಲ.

ಗೇಟಿನಲ್ಲಿ ಗಣಕಕ್ಕೆ ಹೋಗುವ ವಿವರ ಇಷ್ಟೇ: ರೈತನ ಹೆಸರು, ಊರು, ಮಾಲಿನ ಹೆಸರು, ಚೀಲಗಳ ಸಂಖ್ಯೆ, ಮಾಲು ಇಳಿಯುವ ದಲಾಲಿ ಅಂಗಡಿ. ಇವು ಸೇರಿದೊಡನೆ ಯಂತ್ರ ಒಂದು ಲಾಟ್ ನಂಬರು ಕೊಡುತ್ತದೆ. ಅಲ್ಲಿಂದ ಮುಂದೆ ಆ ಮಾಲಿನ ಹೆಸರು ಆ ನಂಬರೇ. ಅಂಗಡಿಯ ಮುಂದೆ ಇಳಿದ ಚೀಲಗಳನ್ನು ಖರೀದಿದಾರರು ಕೈಯಾಡಿಸಿ, ಮುರಿದು, ಮೂಸಿ ನೋಡುತ್ತಾರೆ. ಬಳಿಕ ಲಾಟ್ ನಂಬರಿನ ಎದುರು ಕ್ವಿಂಟಲಿಗೆ ಇಷ್ಟು ಎಂದು ದರವನ್ನು ಗಣಕದಲ್ಲೋ ಮೊಬೈಲಿನಲ್ಲೋ ನಮೂದಿಸುತ್ತಾರೆ. ಒಬ್ಬನ ದರ ಇನ್ನೊಬ್ಬನಿಗೆ ಕಾಣಿಸದು. ಗೊತ್ತಾದ ವೇಳೆಗೆ ಟೆಂಡರ್ ಮುಚ್ಚಿದ ಮೇಲೆ ಅತಿ ಹೆಚ್ಚಿನ ದರ ಹಾಕಿದವನ ಹೆಸರು ಹೊರಬೀಳುತ್ತದೆ. ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡದಿರುವ ಹಕ್ಕು ರೈತನಿಗಿದೆ. ಒಪ್ಪಿದರೆ ತೂಕ, ತೂಕದ ಮೇಲೆ ತಕ್ಪಟ್ಟಿ, ತಕ್ಪಟ್ಟಿಯ ಮೇಲೆ ಹಣ.

ಈ ಏರ್ಪಾಟಿನ ಬೆಲೆ ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. ದಲಾಲನ ಕೈಯ ಮೇಲೆ ವಸ್ತ್ರ ಹಾಕಿ, ಅದರಡಿ ಬೆರಳು ಒತ್ತಿ ದರ ಹೇಳುವ ರೂಢಿ ದೇಶದ ಎಷ್ಟೋ ಪೇಟೆಗಳಲ್ಲಿತ್ತು. ಮಾಲಿನ ಧಣಿ ಎದುರಿಗೇ ನಿಂತಿದ್ದರೂ ಅವನ ಮಾಲಿಗೆ ಯಾರು ಎಷ್ಟು ಕೇಳಿದರೆಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ಇಂಥದ್ದನ್ನು ತಡೆಯಲೆಂದೇ ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳು ಬಂದವು. 1897ರಲ್ಲಿ ಬೇರಾರ್ ಪ್ರಾಂತದಲ್ಲಿ ಹತ್ತಿಯ ಪೇಟೆಗಾಗಿ ಮೊದಲ ಕಾಯಿದೆ, 1939ರಲ್ಲಿ ಮುಂಬಯಿ ಪ್ರಾಂತದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ. ಆಗಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಹಾವೇರಿ ಸೀಮೆ ಆ ಕಾಯಿದೆಯ ವ್ಯಾಪ್ತಿಯೊಳಗಿತ್ತು. ಏಕೀಕರಣದ ನಂತರ 1966ರ ರಾಜ್ಯ ಕಾಯಿದೆ ಬಂತು. 2014ರಲ್ಲಿ ಕರ್ನಾಟಕ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ ಎಪಿಎಂಸಿಗಳನ್ನು ಗಣಕದ ಜಾಲಕ್ಕೆ ತಂದಿತು. ಕೇಂದ್ರದ ಇ-ನ್ಯಾಮ್ ಶುರುವಾದದ್ದು ಅದಾದ ಎರಡು ವರ್ಷಕ್ಕೆ, 2016ರ ಏಪ್ರಿಲ್ 14ರಂದು.

ತಂತ್ರಾಂಶ ಯಾವುದೇ ಆದರೂ ಎಲ್ಲವೂ ನಿಂತಿರುವುದು ಗೇಟಿನ ನಮೂದಿನ ಮೇಲೆ. ಅಲ್ಲಿ ಕಡ್ಡಿಯನ್ನು ಡಬ್ಬಿ ಎಂದು ಒತ್ತಿದರೆ, ಇಪ್ಪತ್ತು ಚೀಲ ಹನ್ನೆರಡಾದರೆ, ಒಂದು ಅಂಗಡಿಯ ಹೆಸರು ಇನ್ನೊಂದಕ್ಕೆ ಹೋದರೆ, ಮುಂದಿನ ಯಾವ ಯಂತ್ರವೂ ಅದನ್ನು ತಾನಾಗಿ ಹಿಡಿಯುವುದಿಲ್ಲ. ಬೀಜದಲ್ಲಿ ಬೆರಕೆಯಾದರೆ ಬೆಳೆಯಲ್ಲಿ ಆರಿಸಬೇಕಾಗುತ್ತದೆ ಎಂಬುದು ಒಕ್ಕಲುತನ ಬಲ್ಲವರಿಗೆ ಹೇಳಬೇಕಾದ ಮಾತಲ್ಲ.

ತೂಕದ ಒಳಗುಟ್ಟು

ಏನಿದು, ಯಾರದು ಎಂಬ ಪ್ರಶ್ನೆಗೆ ಗೇಟು ಉತ್ತರ ಬರೆದುಕೊಂಡರೆ, ಎಷ್ಟು ಎಂಬುದಕ್ಕೆ ಉತ್ತರ ಕೊಡುವುದು ಎಲೆಕ್ಟ್ರಾನಿಕ್ ಕಾಟಾ. ಗಾಡಿಯನ್ನೇ ತೂಗುವ ವೇ ಬ್ರಿಜ್ ಇರಲಿ, ಚೀಲ ತೂಗುವ ಕಾಟಾ ಇರಲಿ, ಒಳಗಿನ ತತ್ವ ಒಂದೇ.

ಹಲಗೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ಕೂದಲೆಳೆಯಂಥ ಲೋಹದ ಎಳೆಯೂ ಜೊತೆಗೇ ಹಿಗ್ಗುತ್ತದೆ. ಹಿಗ್ಗಿದ ಎಳೆಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚು. ಎಳೆದ ತಂತಿಯ ಈ ಗುಣವನ್ನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1856ರಲ್ಲಿ ತೋರಿಸಿದ್ದರು. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬಿಬ್ಬರು ಬೇರೆ ಬೇರೆಯಾಗಿ ಅದರಿಂದ ಅಳತೆಯ ಸಾಧನ ಮಾಡಿದರು. ಹತ್ತು ವೋಲ್ಟ್ ಕೊಟ್ಟ ಲೋಡ್ ಸೆಲ್ ತನ್ನ ಪೂರ್ಣ ಭಾರ ಹೊತ್ತಾಗಲೂ ಮರಳಿಸುವುದು ಇಪ್ಪತ್ತು ಮೂವತ್ತು ಮಿಲಿವೋಲ್ಟ್ ಮಾತ್ರ. ಅಷ್ಟು ಸಣ್ಣ ಸೂಚನೆಯನ್ನು ಹಿಗ್ಗಿಸಿ ಅಂಕಿಯಾಗಿಸಿ ಕೆಂಪು ಅಕ್ಷರದಲ್ಲಿ ತೋರಿಸುವುದೇ ಇಂಡಿಕೇಟರ್.

ಸೂಚನೆ ಇಷ್ಟು ಸಣ್ಣದಾದ್ದರಿಂದಲೇ ಅದನ್ನು ಕೆಡಿಸುವುದೂ ಸುಲಭ. ವೇ ಬ್ರಿಜ್ಜಿನ ಲೋಡ್ ಸೆಲ್ಲುಗಳ ತಂತಿಗಳೆಲ್ಲ ಬಂದು ಸೇರುವ ಡಬ್ಬಿಯೊಳಗೆ ಒಂದಿಷ್ಟು ಪಸೆ ಹೊಕ್ಕರೆ ಸಾಕು, ಅಂಕಿ ನಿಂತಲ್ಲಿ ನಿಲ್ಲದೆ ಅಲೆಯುತ್ತದೆ. ಹಲಗೆಯ ಸಂದಿಯಲ್ಲಿ ಮಣ್ಣು, ಕಲ್ಲು ಸಿಕ್ಕಿಕೊಂಡರೆ ಭಾರದ ಒಂದು ಪಾಲು ಸೆಲ್ಲಿಗೆ ಮುಟ್ಟದೆ ನೆಲಕ್ಕೆ ಹೋಗಿ ತೂಕ ಕಡಿಮೆ ತೋರುತ್ತದೆ. ಇಲಿ ತಂತಿ ಕಡಿಯುತ್ತದೆ. ಸಿಡಿಲಿನ ಹೊಡೆತಕ್ಕೂ, ಹಲಗೆಯ ಮೇಲೆ ಮಾಡಿದ ವೆಲ್ಡಿಂಗಿಗೂ ಸೆಲ್ ಸುಟ್ಟುಹೋಗಬಹುದು.

ಕೆಟ್ಟಾಗ ನೋಡುವ ಕ್ರಮ

ಬಲ್ಲ ರಿಪೇರಿಯವನು ಮೊದಲು ಇಂಡಿಕೇಟರ್ ಬಿಚ್ಚುವುದಿಲ್ಲ. ಹಲಗೆಯ ಸುತ್ತ ಗುಡಿಸುತ್ತಾನೆ. ಖಾಲಿ ಹಲಗೆಯಲ್ಲಿ ಅಂಕಿ ಸೊನ್ನೆಗೆ ಬಂದು ನಿಲ್ಲುತ್ತದೆಯೇ ನೋಡುತ್ತಾನೆ. ಆಮೇಲೆ ಅದೇ ತೂಕದ ಕಲ್ಲನ್ನು ನಾಲ್ಕೂ ಮೂಲೆಗಳಲ್ಲಿ ಇಟ್ಟು ನೋಡುತ್ತಾನೆ. ಮೂರು ಮೂಲೆ ಸರಿಯಾಗಿದ್ದು ಒಂದು ಮೂಲೆ ಬೇರೆ ಹೇಳಿದರೆ ಕಳ್ಳ ಅಲ್ಲೇ ಇದ್ದಾನೆ. ಬಳಿಕ ತಂತಿಗಳ ಡಬ್ಬಿ, ಭೂಸಂಪರ್ಕ, ವಿದ್ಯುತ್ ಪೂರೈಕೆ. ಗೇಟಿನ ಗಣಕದ ವಿಷಯದಲ್ಲೂ ಕ್ರಮ ಇದೇ: ಕರೆಂಟು, ಯುಪಿಎಸ್, ನೆಟ್ ಜೋಡಣೆ, ಪ್ರಿಂಟರಿನ ರಿಬ್ಬನ್ನು ನೋಡಿದ ಮೇಲೆ ದೂರದ ಸರ್ವರಿನ ಮಾತು.

ಆದರೆ ತೂಕದ ಯಂತ್ರವನ್ನು ರಿಪೇರಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಕಾನೂನು ಒಪ್ಪುವುದಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಡಿ ರಿಪೇರಿಯವನಿಗೆ ಲೈಸೆನ್ಸ್ ಬೇಕು. ಎಲೆಕ್ಟ್ರಾನಿಕ್ ಕಾಟಾವನ್ನು ವರ್ಷಕ್ಕೊಮ್ಮೆ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಬೇಕು. ರಿಪೇರಿಗಾಗಿ ಸೀಲು ಒಡೆದರೆ ಮತ್ತೆ ಪರೀಕ್ಷೆಯಾಗಿ ಮುದ್ರೆ ಬಿದ್ದ ನಂತರವೇ ಬಳಸಬೇಕು. ಸರಿಪಡಿಸಿದವನ ಬಾಯಿಮಾತು ಸಾಲದು, ಮೂರನೆಯವನೊಬ್ಬ ತೂಗಿ ನೋಡಬೇಕು ಎಂಬುದು ಇದರ ಅರ್ಥ.

ಲೆಕ್ಕದ ತಪ್ಪಿಗೂ ಇಂಥದೇ ಒಂದು ಮರ್ಯಾದೆ ಪೇಟೆಯಲ್ಲಿ ಹಿಂದಿನಿಂದ ಇದೆ. ಕಿರ್ದಿ ಪುಸ್ತಕದಲ್ಲಿ ತಪ್ಪು ಬಿದ್ದರೆ ಅದನ್ನು ಕೆರೆದು ಅಳಿಸುವಂತಿಲ್ಲ. ಹಳೆಯ ಅಂಕಿ ಓದುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ರುಜು ಹಾಕಬೇಕು. ಗೇಟಿನ ಗಣಕದಲ್ಲೂ ಒಳ್ಳೆಯ ತಿದ್ದುಪಡಿ ಎಂದರೆ ಇದೇ. ಯಾರು, ಯಾವಾಗ, ಏನನ್ನು ಏನಾಗಿ ಬದಲಿಸಿದರು ಎಂಬುದು ಉಳಿದಿರಬೇಕು. ಗುರುತು ಬಿಡದೆ ತಿದ್ದಿದರೆ, ತಿದ್ದಿದ್ದು ನ್ಯಾಯವಾಗಿದ್ದರೂ ಅನುಮಾನ ಉಳಿಯುತ್ತದೆ.

ರೈತನ ಕೈಯಲ್ಲಿರುವ ಸಾಧನವೆಂದರೆ ಗೇಟಿನ ಚೀಟಿ. ಗಾಡಿ ಮುಂದೆ ಹೋಗುವ ಮೊದಲೇ ಅದರಲ್ಲಿ ಹೆಸರು, ತಳಿ, ಚೀಲ, ಅಂಗಡಿ ಸರಿಯಾಗಿವೆಯೇ ಎಂದು ಓದಿ, ಓದಲು ಬಾರದಿದ್ದರೆ ಓದಿಸಿ ನೋಡಬೇಕು. ಗೇಟಿನಲ್ಲಿ ಹಿಡಿದ ತಪ್ಪನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ಟೆಂಡರ್ ಮುಚ್ಚಿದ ಮೇಲೆ ಹಿಡಿದ ತಪ್ಪಿಗೆ ಮೂವರ ಒಪ್ಪಿಗೆ ಬೇಕಾಗುತ್ತದೆ. ಮಾಲು ಲಾರಿ ಹತ್ತಿದ ಮೇಲೆ ಹಿಡಿದದ್ದು ಬರೀ ಜಗಳ. ತೂಕದ ಹೊತ್ತಿಗೂ ಹಾಗೆಯೇ: ಚೀಲ ಇಡುವ ಮೊದಲು ಅಂಕಿ ಸೊನ್ನೆಯಲ್ಲಿದೆಯೇ ಎಂದು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಯಂತ್ರ ಮಾಡದ ಕೆಲಸ

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಒಮ್ಮೆಲೆ ಕುಸಿಯಿತೆಂದು ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು. ಕಚೇರಿ ಧ್ವಂಸವಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ನಂದಿಸಲು ಬಂದ ಅಗ್ನಿಶಾಮಕ ವಾಹನವೂ ಉಳಿಯಲಿಲ್ಲ. ರಾಜ್ಯದ ಹೆಸರುವಾಸಿ ಪೇಟೆಯೊಂದರಲ್ಲಿ ಹಾಗಾದದ್ದು ಎಲ್ಲರನ್ನೂ ದಂಗುಬಡಿಸಿತು.

ಗಣಕದ ಗೇಟು, ಗಣಕದ ಟೆಂಡರ್, ಗಣಕದ ಕಾಟಾ ಎಲ್ಲ ಬಂದ ಮೇಲೂ ಹೀಗಾಯಿತಲ್ಲ ಎಂದರೆ, ಈ ಯಂತ್ರಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂದು ಬೇರೆ ಮಾಡಿ ನೋಡಬೇಕಾಗುತ್ತದೆ. ಹಾಕಿದ ದರಗಳಲ್ಲಿ ಹೆಚ್ಚಿನದು ಯಾವುದು ಎಂದು ಯಂತ್ರ ಹೇಳುತ್ತದೆ. ಆ ಹೆಚ್ಚಿನ ದರ ಬೆಳೆಗೆ ತಕ್ಕುದೇ ಎಂದು ಅದು ಹೇಳಲಾರದು. ದರ ನಿಲ್ಲುವುದು ಆವಕದ ಮೇಲೆ, ಶೀತಲ ಗೃಹಗಳಲ್ಲಿರುವ ಹಳೆಯ ದಾಸ್ತಾನಿನ ಮೇಲೆ, ಮಸಾಲೆ ಮತ್ತು ಬಣ್ಣ ತೆಗೆಯುವ ಕಾರ್ಖಾನೆಗಳ ಬೇಡಿಕೆಯ ಮೇಲೆ, ಟೆಂಡರ್ ಹಾಕಲು ಎಷ್ಟು ಜನ ಮುಂದೆ ಬಂದರು ಎಂಬುದರ ಮೇಲೆ. ನಾಲ್ಕೇ ಜನ ಖರೀದಿದಾರರಿರುವ ಕಡೆ ಅತ್ಯುತ್ತಮ ತಂತ್ರಾಂಶವೂ ನಾಲ್ಕೇ ದರ ತೋರಿಸಬಲ್ಲದು. ಒದ್ದೆ ಮಾಲು ತಂದರೆ ಕಾಟಾ ನೀರನ್ನೂ ಪ್ರಾಮಾಣಿಕವಾಗಿ ತೂಗುತ್ತದೆ. ಖರೀದಿದಾರ ಅದನ್ನು ದರದಲ್ಲಿ ಮುರಿದುಕೊಳ್ಳುತ್ತಾನೆ.

ಹಾಗೆಂದು ಯಂತ್ರ ವ್ಯರ್ಥವೆಂದಲ್ಲ. ವಸ್ತ್ರದಡಿಯ ಬೆರಳಿಗೆ ದಾಖಲೆ ಇರಲಿಲ್ಲ. ಇಂದು ಲಾಟ್ ನಂಬರ್ ಹಿಡಿದು ಹೊರಟರೆ ಯಾವ ಮಾಲು ಎಷ್ಟು ಹೊತ್ತಿಗೆ ಬಂತು, ಯಾರು ಯಾರು ಎಷ್ಟು ಕೇಳಿದರು, ಎಷ್ಟು ತೂಗಿತು ಎಂಬುದನ್ನು ಹಿಂದಕ್ಕೆ ಓದಬಹುದು. ಅನ್ಯಾಯವಾಗಿದ್ದರೆ ತೋರಿಸಲು, ಆಗಿಲ್ಲದಿದ್ದರೆ ನಂಬಿಸಲು ಆ ಓದು ಬೇಕು. ಆದರೆ ಓದಲು ಬರುವುದು ಆ ದಾಖಲೆಯನ್ನು ರೈತನಿಗೆ ಅರ್ಥವಾಗುವ ಹಾಗೆ, ಕೇಳಿದ ಹೊತ್ತಿಗೆ ತೆರೆದಿಟ್ಟರೆ ಮಾತ್ರ. ಹಾವೇರಿ, ರಾಣೆಬೆನ್ನೂರಿನ ಹತ್ತಿ, ಮೆಕ್ಕೆಜೋಳಕ್ಕೂ ಈ ಮಾತು ಬ್ಯಾಡಗಿಯ ಮೆಣಸಿನಕಾಯಿಯಷ್ಟೇ ಸಲ್ಲುತ್ತದೆ.

ಲೋಡ್ ಸೆಲ್ ಬದಲಿಸಲು ಅರ್ಧ ದಿನ ಸಾಕು. ಕಡಿದ ತಂತಿ ಬೆಸೆಯಲು ಒಂದು ತಾಸು. ಲೆಕ್ಕ ಬರೆಯುವವನ ಮೇಲಿನ ನಂಬಿಕೆ ಕೆಟ್ಟರೆ ಬದಲಿಸಲು ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಅದನ್ನು ಪ್ರತಿ ಮಾರುಕಟ್ಟೆಯ ದಿನ, ಗೇಟಿಗೆ ಬಂದ ಮೊದಲ ಗಾಡಿಯಿಂದಲೇ, ಒಂದೊಂದು ಸರಿಯಾದ ಚೀಟಿ ಕೊಟ್ಟು ಕಟ್ಟಬೇಕಾಗುತ್ತದೆ.